ಗ್ಯಾರೇಜಿನಲ್ಲಿ ಅತ್ತೆಯ ಚಳಿ

ಹೀಟರಿನಲ್ಲಿ ಧೂಳು ಸುಡುವ ವಾಸನೆ ಬಂದರೆ ಈಗಲೂ ದುಬೈಯ ಮಿರ್ದಿಫ್‌ನಲ್ಲಿದ್ದ ನಮ್ಮ ಬಾಡಿಗೆ ವಿಲ್ಲಾದ ಗ್ಯಾರೇಜು ನೆನಪಾಗುತ್ತದೆ.

ಅಪ್ಪನ ಅಕ್ಕ, ನನ್ನ ಅತ್ತೆ, ಅಲ್ಲಿನದೇ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದವರು. ಕಾಯಿಲೆ ಬಿದ್ದ ಮೇಲೆ ನಮ್ಮಲ್ಲಿಗೆ ಬಂದರು. ಮಲಗುವ ಕೋಣೆಗಳೆಲ್ಲ ಮಹಡಿಯಲ್ಲಿದ್ದವು, ಮೆಟ್ಟಿಲು ಹತ್ತಲು ಅವರಿಂದ ಆಗುತ್ತಿರಲಿಲ್ಲ. ಅದಕ್ಕೇ ಆ ಜನವರಿಯಲ್ಲಿ ಅಪ್ಪ ಕಾರನ್ನು ಹೊರಗೆ ನಿಲ್ಲಿಸಿ, ಗ್ಯಾರೇಜಿನ ಶಟರಿಗೆ ಒಳಗಿನಿಂದ ಥರ್ಮಾಕೋಲ್ ಅಂಟಿಸಿ, ಅಂಚಿಗೆಲ್ಲ ಟೇಪ್ ಹಾಕಿದರು. ತಣ್ಣನೆಯ ಸಿಮೆಂಟು ನೆಲಕ್ಕೆ ದಪ್ಪ ಕಾರ್ಪೆಟ್ ಹಾಸಿದರು.

ಮಧ್ಯಾಹ್ನ ಅತ್ತೆಯನ್ನು ಅಲ್ಲಿ ಮಲಗಿಸಿ ಹೀಟರ್ ಹಾಕಿದೆವು. ಸ್ವಲ್ಪ ಹೊತ್ತಿನಲ್ಲೇ ನನ್ನ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತು. ಅತ್ತೆ ಮಾತ್ರ ಎರಡು ಕಂಬಳಿಗಳೊಳಗೆ ನಡುಗುತ್ತಲೇ ಇದ್ದರು.

“ಗಾಳಿ ಎಲ್ಲಿಂದ ಬರ್ತಾ ಉಂಟು ಅಕ್ಕ?” ಎಂದು ಅಪ್ಪ ಕೇಳಿದರು.

“ಗಾಳಿ ಬರುವುದಿಲ್ಲ ಮಾರಾಯ. ನೀನು ಚಂದ ಮಾಡಿದ್ದಿ. ಸಾಕು, ಇಲ್ಲಿ ಬಂದು ಕೂತ್ಕೊ.”

ಅಪ್ಪ ಕೂತರು. ಕಂಬಳಿಯೊಳಗೆ ಕೈ ಹಾಕಿ ಅತ್ತೆಯ ಪಾದಗಳನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರು. ಅತ್ತೆ ಅವರ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಅಪ್ಪ ಎದ್ದು, ಟೇಪಿನ ಸುರುಳಿ ತೆಗೆದುಕೊಂಡು, ಸಂದೇ ಇಲ್ಲದ ಶಟರಿನ ಅಂಚಿಗೆ ಮತ್ತೊಮ್ಮೆ ಟೇಪ್ ಅಂಟಿಸತೊಡಗಿದರು.