ನೋಯದ ಕಾಲು

ಕ್ಲಿನಿಕ್ಕಿನ ಬಾಗಿಲ ಬಳಿ ಒಂದು ಕೆಂಪು ಚುಕ್ಕೆ. ಒಂದು ಹೆಜ್ಜೆ ಆಚೆ ಇನ್ನೊಂದು, ಅದರಾಚೆ ಮತ್ತೊಂದು. ಬಿಳಿಯ ನೆಲದ ಮೇಲೆ ಕಡಲೆಕಾಳಿನಷ್ಟು ರಕ್ತ ಯಾರನ್ನೋ ಹಿಂಬಾಲಿಸಿಕೊಂಡು ಒಳಗೆ ಬಂದಿತ್ತು.

ಡಾಕ್ಟರ್ ಹೆಲೆನ್ ಕೊವಾಚ್ ಬಗ್ಗಿ ನೋಡಿದರು. ಯಂಗ್ಸ್‌ಟೌನಿನ ಈ ಬೀದಿಯಲ್ಲಿ ಬರೀ ಪಾದಗಳಿಗೆ ಔಷಧ ಮಾಡುತ್ತಲೇ ತಲೆಗೂದಲು ಬೆಳ್ಳಗಾದವರು. ಗಾಬರಿ ಅವರ ಜಾಯಮಾನದಲ್ಲೇ ಇರಲಿಲ್ಲ.

"ರಾಸ್ಕೊ, ಯಾರದೋ ಕಾಲಿಗೆ ಏನೋ ಹೊಕ್ಕಿದೆ. ಪಾಪ, ಅವರಿಗೇ ಗೊತ್ತಾಗಿಲ್ಲ. ಹುಡುಕು," ಎಂದರು ತಗ್ಗಿದ ದನಿಯಲ್ಲಿ. ಆಮೇಲೆ, ಏನೋ ನೆನಪಾದವರಂತೆ, "ಹುಡುಕಿಕೊಟ್ರೆ ಇವತ್ತೇ ಕಾಲೇಜಿಗೆ ಫೋನ್ ಮಾಡ್ತೀನಿ," ಎಂದರು.

ರಾಸ್ಕೊ ಟಿಡ್‌ವೆಲ್‌ಗೆ ಬಾಯಿ ಒಣಗಿತು. ಈಚೆಗೆ ಅವನ ಬಾಯಿ ಯಾವಾಗಲೂ ಒಣಗುತ್ತಿತ್ತು, ಆ ಮಾತು ಬೇರೆ. ಬಾಟಲಿ ಎತ್ತಿ ಗಟಗಟ ನೀರು ಕುಡಿದ.

ಆ ಒಂದು ಫೋನಿಗಾಗಿ ಅವನು ತಿಂಗಳುಗಟ್ಟಲೆ ಇಲ್ಲಿ ಸಂಬಳವಿಲ್ಲದೆ ದುಡಿಯುತ್ತಿದ್ದ. ಪಾದವೈದ್ಯರ ಕಾಲೇಜಿಗೆ ಹೋದ ವರ್ಷ ಅರ್ಜಿ ಹಾಕಿ ಮುಖಭಂಗವಾಗಿತ್ತು. ಮೂವತ್ತು ದಾಟಿದ ಮೇಲೆ ಮತ್ತೆ ಓದಲು ಕೂತು ತೆಗೆದ ಅಂಕಗಳಲ್ಲಿ ಯಾರೂ ಬೆರಳಿಟ್ಟು ತೋರಿಸುವಂಥ ತಪ್ಪಿರಲಿಲ್ಲ. ಆದರೆ ಹತ್ತೊಂಬತ್ತರ ವಯಸ್ಸಿನಲ್ಲಿ ಸಾಲಾಗಿ ಫೇಲಾದ ವಿಷಯಗಳನ್ನೂ ಆ ಪುಣ್ಯಾತ್ಮರು ಸರಾಸರಿಗೆ ಸೇರಿಸುತ್ತಾರಲ್ಲ! ಈ ಹುಡುಗನ ಕಣ್ಣು ಚುರುಕು, ನಂಬಬಹುದು ಎಂದು ಹೆಸರಿರುವ ಡಾಕ್ಟರೊಬ್ಬರು ಹೇಳಿದರೆ ಮಾತ್ರ ಬಾಗಿಲು ತೆರೆಯುತ್ತಿತ್ತು. ಈ ಸಲವೂ ತೆರೆಯದಿದ್ದರೆ ಉಳಿದ ಆಯುಷ್ಯವೆಲ್ಲ ಗೋದಾಮಿನಲ್ಲೇ.

ಹತ್ತೊಂಬತ್ತರಲ್ಲಿ ಅವನು ಫೇಲಾದದ್ದು ಸೋಮಾರಿತನದಿಂದಲ್ಲ. ಸಕ್ಕರೆ ಕಾಯಿಲೆಯ ತಾಯಿಗೆ ಎಡಗಾಲು ನೋಯುತ್ತಿತ್ತು. ಆಸ್ಪತ್ರೆಯಲ್ಲಿ ಎಡಗಾಲಿನ ಬೂಟು ಬಿಚ್ಚಿಸಿ, ಮುಲಾಮು ಕೊಟ್ಟು ಕಳಿಸಿದರು. ಬಲಗಾಲಿನ ತಂಟೆಗೆ ಯಾರೂ ಹೋಗಲಿಲ್ಲ, ಅದು ನೋಯುತ್ತಲೇ ಇರಲಿಲ್ಲವಲ್ಲ. ಕಾಯಿಲೆ ಆ ಕಾಲಿನ ಅರಿವನ್ನೇ ತಿಂದು ಹಾಕಿತ್ತು. ಅದರಲ್ಲಿ ಗಾಜಿನ ಚೂರು ಹೊಕ್ಕು ಕೊಳೆತು, ಕೊನೆಗೆ ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು. ಪರೀಕ್ಷೆಯ ದಿನಗಳನ್ನು ರಾಸ್ಕೊ ಆಸ್ಪತ್ರೆಯ ಬೆಂಚಿನ ಮೇಲೆ ಕಳೆದ.

ಆಮೇಲೆ ಹೊಟ್ಟೆಪಾಡಿಗೆ ಗೋದಾಮು ಸೇರಿದ. ಈಗಲೂ ಬೆಳಗಿನ ಪಾಳಿ ಅಲ್ಲೇ, ಹಳೆಯ ಮರದ ಪೆಟ್ಟಿಗೆ ಒಡೆದು ಹಲಗೆ ಬೇರ್ಪಡಿಸುವ ಕೆಲಸ. ಅದು ಮುಗಿಸಿ ಇಲ್ಲಿಗೆ ಓಡಿ ಬರುತ್ತಾನೆ. ದಿನವಿಡೀ ನಿಂತರೂ ಒಂದು ದಿನ ಕಾಲು ನೋವು ಎಂದವನಲ್ಲ. ನಿನ್ನವು ಕಬ್ಬಿಣದ ಕಾಲು ಕಣೋ ಎಂದು ಡಾಕ್ಟರೇ ತಮಾಷೆ ಮಾಡುತ್ತಿದ್ದರು.

ಇಲ್ಲಿ ಒಂದು ಕಟ್ಟುನಿಟ್ಟು. ಯಾವ ಕಾಲು ನೋಯುತ್ತದೆ ಎಂದು ಬಂದರೂ ಸರಿ, ಎರಡೂ ಬೂಟು, ಎರಡೂ ಕಾಲುಚೀಲ ಬಿಚ್ಚಬೇಕು. ಬೂಟಿನೊಳಗೆ ಕೈಹಾಕಿ ತಡವಬೇಕು. ರಾಸ್ಕೊಗೆ ಈ ನಿಯಮವೆಂದರೆ ಪ್ರಾಣ.

ಸರದಿಗೆ ಕಾಯುತ್ತಾ ಕೂತಿದ್ದವರು ಮೂವರು. ಬಸ್ ಓಡಿಸುವವನ ಕಾಲು ನೋಡಿದ, ಏನೂ ಇಲ್ಲ. ಮುದುಕ ಕ್ಷೌರಿಕನ ಕಾಲು ನೋಡಿದ, ಹಳೆಯ ಆಣಿ ಬಿಟ್ಟರೆ ಏನೂ ಇಲ್ಲ. ಉಳಿದದ್ದು ಒಡೆಸಾ ಪ್ರೂಟ್. ಚರ್ಚಿಗೆ ಹೊರಟವಳಂತೆ ಹ್ಯಾಟು ಧರಿಸಿ ಕೂತಿದ್ದ ಮುದುಕಿ. ಚುಕ್ಕೆಗಳ ಸಾಲು ಅವಳ ಕುರ್ಚಿಯಿಂದ ಶೌಚಾಲಯದವರೆಗೆ ಹೋಗಿ ಮರಳಿ ಬಂದಿತ್ತು. ಆಗತಾನೇ ರಾಸ್ಕೊನೇ ಅವಳ ತೋಳು ಹಿಡಿದು ಅಲ್ಲಿಗೆ ನಡೆಸಿಕೊಂಡು ಹೋಗಿ ಬಂದಿದ್ದ. ಇವಳೇ ಎಂದುಕೊಂಡ. ಅಯ್ಯೋ ಎನಿಸಿತು, ಜೊತೆಗೇ ಒಳಗೊಳಗೆ ಖುಷಿಯೂ ಆಯಿತು. ಆ ಖುಷಿಗೆ ನಾಚಿಕೆಯಾಯಿತು.

ಮುದುಕಿ ಜಗ್ಗಲಿಲ್ಲ. "ಒಂದು ಕಾಲು ತೋರ್ಸೋಕೆ ಬಂದೋಳು ಎರಡೂ ಯಾಕಪ್ಪಾ ಬಿಚ್ಲಿ? ನಾಳೆ ಹಲ್ಲಿನ ಸೆಟ್ಟೂ ತೆಗಿ ಅಂತೀಯ."

ಬಸ್ಸಿನವನು ಕಿಸಕ್ಕನೆ ನಕ್ಕ. ರಾಸ್ಕೊ ಅವಳ ಮುಂದೆ ಮಂಡಿಯೂರಿದ.

"ನಮ್ಮಮ್ಮಾನೂ ಹಿಂಗೇ ಅಂದಿದ್ರು ಅಜ್ಜಿ. ಒಂದೇ ಕಾಲು ತೋರ್ಸಿದ್ರು. ಈಗ ಆ ಒಂದೇ ಕಾಲಲ್ಲಿ ಇದಾರೆ."

ಒಡೆಸಾ ಎರಡೂ ಕಾಲು ಚಾಚಿದಳು. ರಾಸ್ಕೊ ಬೂಟು ಬಿಚ್ಚಿ, ಕಾಲುಚೀಲ ಜಾರಿಸಿ, ಬೆರಳ ಸಂದಿಗಳನ್ನೆಲ್ಲ ನೋಡಿದ. ಮಗುವಿನ ಪಾದದಷ್ಟು ಸ್ವಚ್ಛವಾಗಿತ್ತು. ಬೂಟಿನೊಳಗೂ ಏನೂ ಇರಲಿಲ್ಲ.

ಎದ್ದು ನೆಲ ನೋಡಿದ. ಚುಕ್ಕೆಗಳು ಈಗ ಕ್ಷೌರಿಕನ ಕುರ್ಚಿಯ ಬಳಿಯೂ ಇದ್ದವು, ಬಸ್ಸಿನವನ ಬಳಿಯೂ ಇದ್ದವು. ಯಾರಿಗೂ ಗಾಯವಿಲ್ಲ. ಸಿಗಲಿಲ್ಲ ಎಂದು ಡಾಕ್ಟರಿಗೆ ತಿಳಿಸಿದ. ಕಣ್ಣಲ್ಲಿ ನೀರು ಬಂದು ಎದುರಿನ ಗಡಿಯಾರ ಮಂಜಾಯಿತು. ಅದು ಈಚೆಗೆ ಕಣ್ಣೀರಿಲ್ಲದಾಗಲೂ ಮಂಜಾಗಿಯೇ ಕಾಣುತ್ತಿತ್ತು.

"ಬಾಗಿಲು ದಾಟಿ ಬಂದೋರೆಲ್ಲರದೂ ನೋಡಿದ್ಯಾ?"

"ಒಬ್ಬರನ್ನೂ ಬಿಟ್ಟಿಲ್ಲ."

ಡಾಕ್ಟರ್ ನಿಟ್ಟುಸಿರು ಬಿಟ್ಟರು. ಸರಿ, ಮೊದಲು ನೆಲ ಒರೆಸು, ಆಮೇಲೆ ಇನ್ನೊಮ್ಮೆ ನೋಡೋಣ ಎಂದರು.

ನೆಲ ಒರೆಸುವ ಕೋಲು ಹಿಂದಿನ ಸಣ್ಣ ಕೋಣೆಯಲ್ಲಿತ್ತು. ರಾಸ್ಕೊ ದೀಪ ಹಾಕಿದ. ಗೋದಾಮಿನಿಂದ ಬಂದವನೇ ತನ್ನ ಕೋಟು ನೇತುಹಾಕಿದ್ದ ಗೂಟದ ಕೆಳಗೆ ಎರಡು ಕೆಂಪು ಚುಕ್ಕೆ ಒಣಗಿದ್ದವು. ರೋಗಿಗಳು ಯಾರೂ ಈ ಕೋಣೆಗೆ ಕಾಲಿಡುವುದಿಲ್ಲ. ಅವನು ಮೆಲ್ಲನೆ ಹಿಂದಿರುಗಿ ನೋಡಿದ. ಹೊಸಿಲಿನ ಮೇಲೊಂದು, ಹಸಿಯಾಗಿತ್ತು.

ಬಕೆಟ್ಟು ಬೋರಲು ಹಾಕಿ ಕೂತ. ತನ್ನ ಬಲಗಾಲಿನ ಬೂಟಿನ ದಾರ ಬಿಚ್ಚಿದ. ಕಾಲುಚೀಲ ಒದ್ದೆಯಾಗಿತ್ತು. ಅಭ್ಯಾಸಬಲದಿಂದ ಬೂಟಿನೊಳಗೆ ಕೈಹಾಕಿದವನು ಚಟಕ್ಕನೆ ಎಳೆದುಕೊಂಡ. ಬೆರಳಿಗೆ ಮೊಳೆ ಚುಚ್ಚಿತ್ತು.

"ಸಿಕ್ತಾ ರಾಸ್ಕೊ?" ಹೊರಗಿನಿಂದ ಡಾಕ್ಟರ್ ಕೇಳಿದರು.

"ಸಿಕ್ತು ಡಾಕ್ಟ್ರೇ," ಎಂದ. ಬೆರಳು ಉರಿಯುತ್ತಿತ್ತು, ಬೆಳಗಿನಿಂದ ಅದೇ ಮೊಳೆಯ ಮೇಲೆ ನಡೆದ ಕಾಲು ಮಾತ್ರ ಒಂದಿಷ್ಟೂ ನೋಯುತ್ತಿರಲಿಲ್ಲ.