ಗಿಲಕಿ ಟಿವಿಗೊಂದು ಹೂಂ

ಶಾಂತಯ್ಯನವರು ಕಥೆಯ ನಡುವೆ ನಿಂತುಬಿಟ್ಟರು. ಮಠದ ಗಂಟೆಯನ್ನು ನುಂಗಿದ ಕುಂಬಾರನ ಕತ್ತೆ, ಹೆಜ್ಜೆ ಹೆಜ್ಜೆಗೂ ಹೊಟ್ಟೆಯೊಳಗೆ ಗಂಟೆ ಬಾರಿಸುತ್ತ, ಕಂಡವರಿಂದೆಲ್ಲ ಕೈ ಮುಗಿಸಿಕೊಳ್ಳುತ್ತ ಕೊನೆಗೆ ಮಠದ ಬಾಗಿಲಿಗೇ ಬಂದು ನಿಂತಿತ್ತು. ಒಳಗೆ ಸ್ವಾಮಿಗಳು ಪೂಜೆಗೆ ಕೂತಿದ್ದರು. ಅಷ್ಟು ಹೇಳಿ ಶಾಂತಯ್ಯ ಬಾಯಿ ಮುಚ್ಚಿ, ಎರಡೂ ಕೈ ತೊಡೆಯ ಮೇಲಿಟ್ಟು, ಕ್ಯಾಮೆರಾವನ್ನೇ ನೋಡುತ್ತ ಕೂತರು. ಮಕ್ಕಳ ಚಾನೆಲ್ಲು ಗಿಲಕಿ ಟಿವಿಯ ಸಂಜೆ ಐದೂವರೆಯ ನೇರ ಪ್ರಸಾರ ಅದು.

ಅವರು ಮರೆತದ್ದೇನೂ ಇರಲಿಲ್ಲ. ಅಮ್ಮಿನಬಾವಿಯ ಕಟ್ಟೆಯ ಮೇಲೆ ಕಥೆ ಹೇಳಿ ಮಾಗಿದ ಜೀವ. ಕೇಳುವವರು ಒಬ್ಬರಾದರೂ ‘ಹೂಂ’ ಅನ್ನದೆ ಮುಂದಿನ ಮಾತಿಗೆ ಹೋಗುವವರಲ್ಲ. ಹೂಂ ಇಲ್ಲದ ಕಥೆ ಹೇಳುವುದೂ ಕೂಸಿಲ್ಲದ ತೊಟ್ಟಿಲು ತೂಗುವುದೂ ಅವರಿಗೆ ಒಂದೇ. ಏಳು ವರ್ಷದಿಂದ ಕ್ಯಾಮೆರಾದ ಹಿಂದೆ ನಿಂತು ಹೂಂಗುಟ್ಟುತ್ತಿದ್ದವನು ಡ್ಯಾನಿಯಲ್. ಚಾನೆಲ್ಲಿನ ಮಾಲೀಕ, ಕ್ಯಾಮೆರಾದವ, ಕಸ ಗುಡಿಸುವವ ಎಲ್ಲ ಅವನೇ. ಇವತ್ತು ಅವನು ಹೂಂ ಅನ್ನುವುದನ್ನು ಮರೆತು ಬಾಗಿಲ ಕಡೆ ತಿರುಗಿದ್ದ. ಬಾಗಿಲಲ್ಲಿ ಕೇಬಲ್ ಆಫೀಸಿನ ಮೌಲಾಲಿ ಒಂದು ಕೈಯಲ್ಲಿ ಫಾರ್ಮು, ಇನ್ನೊಂದರಲ್ಲಿ ಇಕ್ಕಳ ಹಿಡಿದು ನಿಂತಿದ್ದ.

ಮೌಲಾಲಿ ಪಿಸುದನಿಯಲ್ಲಿ ಹೇಳಿದ್ದು ಇಷ್ಟು. ಆರು ಗಂಟೆಯೊಳಗೆ ಹದಿನಾಲ್ಕು ತುಂಬದ ಒಬ್ಬ ವೀಕ್ಷಕರಾದರೂ ಚಾನೆಲ್ಲಿಗೆ ಫೋನ್ ಮಾಡಬೇಕು. ಫೋನ್ ಮಾಡಿದವರ ಹೆಸರು, ಊರು, ವಯಸ್ಸು ಫಾರ್ಮಿನಲ್ಲಿ ತುಂಬಿ ಆಫೀಸಿಗೆ ಒಯ್ಯಬೇಕು. ಮಕ್ಕಳು ಯಾರೂ ಸಿಗದಿದ್ದರೆ ಆರಕ್ಕೆ ಅವನು ವೈರು ಕತ್ತರಿಸಿ, ಆ ಜಾಗವನ್ನು ಸೀರೆ ಮಾರುವ ಚಾನೆಲ್ಲಿಗೆ ಬಿಟ್ಟುಕೊಡಬೇಕು.

ಹಳೇ ಹುಬ್ಬಳ್ಳಿಯ ಹಿಟ್ಟಿನ ಗಿರಣಿಯ ಮೇಲಿನ ಆ ಕೋಣೆಯಲ್ಲಿ ಒಂದು ಕಾಲಕ್ಕೆ ಕುಣಿತ, ಚಿತ್ರ, ಗೊಂಬೆಯಾಟ ಎಲ್ಲ ಇದ್ದವು. ಈಗ ಗೊಂಬೆಗಳ ಮೂಗನ್ನು ಇಲಿ ತಿಂದಿದೆ. ಹುಟ್ಟುಹಬ್ಬದ ಫೋಟೋ ಕಳಿಸುವವರೂ ಇಲ್ಲದೆ, ಡ್ಯಾನಿಯಲ್ ತನ್ನ ಮಗ ಕಾಲೆಬನ ಒಂದೇ ಫೋಟೋವನ್ನು ವಾರಕ್ಕೊಮ್ಮೆ ತೋರಿಸಿ ಹಾರೈಸುತ್ತಿದ್ದ. ಹೀಗಾಗಿ ಆ ಹುಡುಗನಿಗೆ ಮೂರು ವರ್ಷದಿಂದ ಐದೇ ವರ್ಷ.

“ನಿಮ್ಮ ಕಾಲೆಬನ ಹೆಸರ ಬರಕೊಳ್ಳಲೇನ್ರಿ?” ಮೌಲಾಲಿ ಕೇಳಿದ. ಒಳ್ಳೆಯವನೇ, ಅವನ ಮಗಳು ಫರಹತಳಿಗೂ ಗಿಲಕಿ ಒಮ್ಮೆ ಹಾರೈಸಿತ್ತು.

“ಅಂವಾ ನಮ್ಮ ಚಾನೆಲ್ಲ ನೋಡೂದಿಲ್ಲೋ ಮಾರಾಯಾ. ಮುಂಜಾನೆ ಚರ್ಚಿನ್ಯಾಗ ಕುಂತ ಬಂದೇನಿ. ಸಂಜೀಕ ಸುಳ್ಳ ಹೆಂಗ ಬರಸ್ಲಿ?”

ಮೂರು ನಿಮಿಷ ಕಳೆಯಿತು. ಶಾಂತಯ್ಯನವರ ಹಣೆಯ ವಿಭೂತಿಯ ಮೇಲೆ ಒಂದು ನೊಣ ಬಂದು ಕೂತು, ಬೇಸರವಾಗಿ ಎದ್ದು ಹೋಯಿತು. ಅದೂ ನೇರ ಪ್ರಸಾರವಾಯಿತು. ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಡ್ಯಾನಿಯಲ್ ಹಾರಿ ಹಿಡಿದು ಸ್ಪೀಕರ್ ಒತ್ತಿದ.

“ಹೂಂ ಅಂದೇನಿ, ಮುಂದ ಹೇಳ ಅನ್ರಿ ಆ ಅಜ್ಜಗ,” ಎಂದಿತು ದನಿ. “ನಾಕ ಸರ್ತಿ ಅಂದ್ನಿ. ಕಿವಿ ಕೇಳಸ್ತಾವಿಲ್ಲೋ?”

“ಯಾರವ್ವಾ? ನಿನಗ ವಯಸ್ಸ ಎಷ್ಟ?”

“ಶಿರಗುಪ್ಪಿ ಸಂಗವ್ವ. ಎಪ್ಪತ್ತೊಂದ ನಡದೈತಿ. ಯಾಕ, ಕತಿ ಕೇಳಾಕ ವಯಸ್ಸ ಬೇಕೇನ?”

ಮನೆಯಲ್ಲಿ ಮಕ್ಕಳು ಯಾರಾದರೂ ಇದ್ದಾರೆಯೇ, ಒಂದೇ ಒಂದು ಮಾತಾಡಿಸಿ ಎಂದು ಡ್ಯಾನಿಯಲ್ ಗೋಗರೆದ. ನಾಲ್ಕು ಮೊಮ್ಮಕ್ಕಳಿವೆ, ನಾಲ್ಕೂ ಒಂದೇ ಮೊಬೈಲಿನ ಆಟಕ್ಕೆ ಬಗ್ಗಿವೆ ಎಂದಳು ಸಂಗವ್ವ. ದೊಡ್ಡವನನ್ನು ಕರೆದೂ ನೋಡಿದಳು. ಇನ್ನಿಬ್ಬರನ್ನು ಕೊಂದು ಬರುತ್ತೇನೆ ಎಂಬ ಉತ್ತರ ಇಲ್ಲಿಯವರೆಗೂ ಕೇಳಿಸಿತು.

“ಅವನ್ನ ಬಿಡ್ರಿ,” ಎಂದಳು ಮುದುಕಿ. “ಮೊದಲ ಸ್ವಾಮಿಗಳನ್ನ ಬಾಗಲಕ್ಕ ಕಳಸ್ರಿ. ಪಾಪ, ಕತ್ತಿ ಬಿಸಲಾಗ ನಿಂತೈತಿ.”

ಹೂಂ ಮುಟ್ಟಿದ್ದರಿಂದ ಶಾಂತಯ್ಯನವರ ಮುಖ ಅರಳಿತು. ಅವರು ಕಥೆ ಎತ್ತಿಕೊಂಡರು. ಫೋನ್ ಮಾಡಿದವರು ಯಾರೇ ಆಗಲಿ ಬರೆದುಕೊಳ್ಳುವುದು ನಿಯಮ. ಮೌಲಾಲಿ ಗೊಂಬೆಗಳ ಪೆಟ್ಟಿಗೆಯ ಮೇಲೆ ಫಾರ್ಮು ಹರಡಿ ಒಲ್ಲದ ಮನಸ್ಸಿನಿಂದ ತುಂಬತೊಡಗಿದ. ಹೆಸರು, ಸಂಗವ್ವ. ಊರು, ಶಿರಗುಪ್ಪಿ. ವಯಸ್ಸಿನ ಕಡೆ ಏಳು ಬರೆಯುವ ಹೊತ್ತಿಗೆ, ಅತ್ತ ಗಂಟೆಯ ದನಿ ಕೇಳಿ ಸ್ವಾಮಿಗಳು ಪೂಜೆಯಿಂದ ಎದ್ದರು. ಬಾಗಿಲು ತೆಗೆದರು. ಕತ್ತೆಯ ಹೊಟ್ಟೆಗೆ ಕಿವಿ ಹಚ್ಚಿದರು.

“ಮತ್ತ?” ಎಂದ ಮೌಲಾಲಿ, ತಲೆಯೆತ್ತಿ.

ಹೂಂ ಅನ್ನು ಎಂದು ಶಾಂತಯ್ಯ ಕಣ್ಣಲ್ಲೇ ಹೇಳಿದರು. ಮೌಲಾಲಿ ಹೂಂ ಅಂದ. ಶಿರಗುಪ್ಪಿಯಿಂದಲೂ ಹೂಂ ಬಂತು. ಇಕ್ಕಳ ನೆಲಕ್ಕೆ ಬಿದ್ದದ್ದು ಯಾರಿಗೂ ಕೇಳಿಸಲಿಲ್ಲ. ಮೌಲಾಲಿ ಕಥೆಯ ಮೇಲಿಂದ ಕಣ್ಣು ತೆಗೆಯದೆ ಕೈಗೆ ಸಿಕ್ಕಲ್ಲಿ ಸಹಿ ಗೀಚಿ, ಫಾರ್ಮನ್ನು ಮಡಿಚಿ ಅಂಗಿಯ ಕಿಸೆಗೆ ಹಾಕಿಕೊಂಡ.

ಮಡಿಚುವ ಮೊದಲು ಡ್ಯಾನಿಯಲ್ ನೋಡಿದ್ದ. ವಯಸ್ಸಿನ ಕಡೆ ಏಳು ಮಾತ್ರ ಇತ್ತು. ಅದರ ಪಕ್ಕಕ್ಕೆ ಬೀಳಬೇಕಾಗಿದ್ದ, ಎಪ್ಪತ್ತೊಂದರ ‘ಒಂದು’ ಬಿದ್ದೇ ಇರಲಿಲ್ಲ. ಗೋಡೆಯ ಗಡಿಯಾರದಲ್ಲಿ ಆರಕ್ಕೆ ಎರಡು ನಿಮಿಷ ಇತ್ತು. ಹೇಳಿಬಿಡಬೇಕೆಂದು ಅವನು ಬೆರಳೆತ್ತಿ, ಬಾಯಿ ತೆರೆದ.

“ಹೊರಗ ಊರ ಮಂದಿ ಕಣ್ಣ ಮುಚ್ಚಿ, ಕೈ ಮುಗದು ನಿಂತಾರ,” ಎನ್ನುತ್ತಿದ್ದರು ಶಾಂತಯ್ಯ. “ಸ್ವಾಮಿಗೋಳು ವಿಚಾರ ಮಾಡಾಕತ್ತಾರ. ಇದು ಕತ್ತಿ ಐತ್ರೋ ಅಂತ ಹೇಳ್ಲೋ, ಸುಮ್ನಿದ್ದ ಬಿಡ್ಲೋ?”

ಅಷ್ಟು ಹೇಳಿ ಕೈಗಳನ್ನು ತೊಡೆಯ ಮೇಲಿಟ್ಟು, ಅವರು ನೇರ ಡ್ಯಾನಿಯಲ್‌ನನ್ನೇ ನೋಡುತ್ತ ಕೂತರು.

“ಹೂಂ,” ಎಂದ ಡ್ಯಾನಿಯಲ್.