ಎಳ್ಳುಕಾಳಿನಷ್ಟು ಹುಳುವಿಗೆ ಹೆಸರು

ಒಂದು ಜೀವಿಯ ಸಂತತಿ ಅಳಿದರೆ, ಕೊನೆಯದನ್ನು ಕೊಂದವನ ಹೆಸರನ್ನೇ ಅದಕ್ಕಿಡುವುದು ಕಾನೂನು. ಉಮಾಕಾಂತ ಬಂಡೆಯಿಂದ ಸಿಂಪಿ ಕೆರೆಯುವಾಗ ಎಳ್ಳುಕಾಳಿನಷ್ಟು ಕಡಲ ಬಸವನಹುಳುಗಳು ಉಳಿಗೆ ಸಿಕ್ಕಿ ಒಂದೂ ಉಳಿಯದಂತೆ ಮುಗಿದುಹೋಗಿದ್ದವು.

“ಕಂತ್ರಾಟುದಾರ ಕೆರಿ ಅಂದ, ಕೆರೆದೆ. ಅವ್ನ ಹೆಸ್ರಿಡಿ,” ಎಂದ ನೋಂದಣಿ ಕಚೇರಿಯ ಗುಮಾಸ್ತೆಗೆ. ಗೋಡೆ ತುಂಬ ಹೀಗೆ ಕೊಂದವರ ಹೆಸರುಗಳಿದ್ದವು, ಒಬ್ಬ ಕಂತ್ರಾಟುದಾರನದೂ ಇರಲಿಲ್ಲ.

“ಉಳಿ ಯಾರ ಕೈಲಿತ್ತು ಮಾರಾಯಾ?” ಎಂದಳು ಗುಮಾಸ್ತೆ. “ಹೊಸ ಪ್ರಭೇದ ಅಂತ ವಿಂಗಡಣೆ ಆಗ್ಯದೆ. ನಿನ್ನ ಹೆಸ್ರು ಹೇಳು, ಬರೋ ವರ್ಷ ಮೂರನೇ ಕ್ಲಾಸಿನ ಪುಸ್ತಕದಲ್ಲಿ ಬರ್ತದೆ.”

ಅವನ ಮಗಳು ಈಗ ಎರಡನೇ ತರಗತಿ.

“ಪುರ್ಸು ಹರಿಕಂತ್ರ,” ಎಂದುಬಿಟ್ಟ. ಅವಳು ಬರೆದು ಠಸ್ಸೆ ಒತ್ತಿದಳು.

ಹೊರಗೆ, ಧೈರ್ಯಕ್ಕೆಂದು ಜೊತೆಗೆ ಬಂದಿದ್ದ ಗೆಳೆಯ ಪುರ್ಸು ಬೆಂಚಿನಿಂದೆದ್ದು ಅವನ ಹೆಗಲು ಬಳಸಿದ. “ತಲೆ ತಗ್ಗಿಸ್ಬೇಡ ಮಾರಾಯಾ. ಯಾರಾದ್ರೂ ಕೇಳಿದ್ರೆ ನಾ ಹೇಳ್ತೆ, ನೀ ಒಳ್ಳೆಯವ ಅಂತ.”